ಯಾವ ಊರಿನ ಕಲ್ಲು ಇದು?

ಸಂಪಾದಕರು ಕಳುಹಿಸಿದ ಲಕೋಟೆಯಲ್ಲಿ ಈ ಸಲ ಹದಿನೇಳು ಪತ್ರಗಳಿದ್ದವು. ಎಂಟನ್ನು ಆರಿಸಿಕೊಂಡಿದ್ದೇನೆ. ಎರಡು ಪತ್ರಗಳಲ್ಲಿ ನನ್ನನ್ನು ‘ಸರ್’ ಎಂದು ಕರೆದಿದ್ದಾರೆ. ಇಪ್ಪತ್ತೆಂಟು ವರ್ಷ ಸೀರೆ ಉಟ್ಟು ಮ್ಯೂಸಿಯಂ ಬಾಗಿಲಲ್ಲಿ ನಿಂತವಳಿಗೆ ಇದು ಹೊಸದೇನಲ್ಲ. ಹೊಸ ಓದುಗರಿಗಾಗಿ ಒಂದು ಮಾತು: ನಾನು ದೊಡ್ಡ ಸಂಶೋಧಕಿಯಲ್ಲ. ಪ್ರದರ್ಶನಗಳನ್ನು ಏರ್ಪಡಿಸುವುದು, ಶಾಲೆಯ ಮಕ್ಕಳನ್ನು ಸುತ್ತಿಸುವುದು, ಉಪನ್ಯಾಸಕ್ಕೆ ಬರುವವರಿಗೆ ಕುರ್ಚಿ ಹಾಕಿಸುವುದು, ಬಾರದವರ ಕುರ್ಚಿಗಳನ್ನು ಮಡಚಿ ಒಳಗಿಡುವುದು, ಇದು ನನ್ನ ಕೆಲಸವಾಗಿತ್ತು. ಈಗ ಧಾರವಾಡದ ಮನೆಯಲ್ಲಿ ಕುಳಿತು ನಿಮ್ಮ ಪತ್ರ ಓದುತ್ತೇನೆ.

ಪ್ರಶ್ನೆ: ಬಾಯಾರೇ, ಏಳನೆಯ ತರಗತಿಯ 54 ಮಕ್ಕಳನ್ನು ಲಕ್ಕುಂಡಿಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಹೋದ ವರ್ಷ ಬೇರೊಂದು ಕಡೆ ಹೋದಾಗ ಮಕ್ಕಳು ಇಪ್ಪತ್ತು ನಿಮಿಷದಲ್ಲಿ ಎಲ್ಲವನ್ನೂ ನೋಡಿ ಮುಗಿಸಿ ಬಸ್ಸಿನ ಹತ್ತಿರ ಹೋಗಿ ನಿಂತುಬಿಟ್ಟರು. ಈ ಸಲ ಹಾಗಾಗದಂತೆ ಏನು ಮಾಡಲಿ?
— ಶಿಕ್ಷಕಿ, ರೋಣ ತಾಲ್ಲೂಕು

ತಪ್ಪು ಮಕ್ಕಳದಲ್ಲ. ‘ಎಲ್ಲವನ್ನೂ ನೋಡಿ’ ಎಂದರೆ ಅವರು ಎಲ್ಲವನ್ನೂ ನೋಡುತ್ತಾರೆ, ಅಂದರೆ ಯಾವುದನ್ನೂ ನೋಡುವುದಿಲ್ಲ. ಸಂತೆಯಲ್ಲಿ ನಾವೂ ಹಾಗೆಯೇ ತಿರುಗುವುದು. ಲಕ್ಕುಂಡಿಯಲ್ಲಿ ಎಷ್ಟು ಗುಡಿ, ಎಷ್ಟು ಬಾವಿ, ಎಷ್ಟು ಶಾಸನ ಎಂಬ ಲೆಕ್ಕವನ್ನು ಬಸ್ಸಿನಲ್ಲೇ ಬಿಟ್ಟು ಇಳಿಯಿರಿ. ಮಕ್ಕಳನ್ನು ಒಂಬತ್ತು ಒಂಬತ್ತರಂತೆ ಆರು ಗುಂಪು ಮಾಡಿ. ಒಂದೊಂದು ಗುಂಪಿಗೆ ಒಂದೇ ವಸ್ತು. ಆ ಗುಂಪು ಅದರ ಮುಂದೆ ಅರ್ಧ ಗಂಟೆ ಕೂರಬೇಕು, ಚಿತ್ರ ಬರೆಯಬೇಕು, ಆಮೇಲೆ ಉಳಿದವರಿಗೆ ತಾನೇ ಗೈಡ್ ಆಗಬೇಕು. ಗೈಡ್ ಆಗುವ ಆಸೆಗೆ ಮಕ್ಕಳು ಎಷ್ಟು ಹೊತ್ತು ಬೇಕಾದರೂ ಕೂರುತ್ತಾರೆ, ನಾನು ಕಂಡಿದ್ದೇನೆ.

ಬ್ರಹ್ಮ ಜಿನಾಲಯದ ಒಳಗಿರುವ ನಾಲ್ಕು ಮುಖದ ಬ್ರಹ್ಮ ಒಂದು ಗುಂಪಿಗೆ. ಮೂರು ಮುಖ ಎದುರಿನಿಂದ ಕಾಣುತ್ತವೆ, ನಾಲ್ಕನೆಯದು ಹೇಗಿದೆ ಎಂದು ಕೇಳಿ, ತಾವಾಗಿ ಸುತ್ತುತ್ತಾರೆ. ಪಾರ್ಶ್ವನಾಥನ ತಲೆಯ ಮೇಲಿನ ಹಾವಿನ ಹೆಡೆಗಳನ್ನು ಎಣಿಸುವುದು ಇನ್ನೊಂದು ಗುಂಪಿಗೆ. ಏಳಿದ್ದರೆ ಪಾರ್ಶ್ವನಾಥ, ಐದಿದ್ದರೆ ಸುಪಾರ್ಶ್ವನಾಥ. ಇದರ ಹಿಂದೆ ನನ್ನದೊಂದು ಕಥೆಯಿದೆ. ನಾನಿದ್ದ ಮ್ಯೂಸಿಯಂನಲ್ಲಿ ಒಂದು ಮೂರ್ತಿಯ ಕೆಳಗೆ ‘ಪಾರ್ಶ್ವನಾಥ’ ಎಂಬ ಫಲಕ ಬಹಳ ವರ್ಷಗಳಿಂದ ಇತ್ತು. ಆರನೆಯ ತರಗತಿಯ ಹುಡುಗನೊಬ್ಬ ಎಣಿಸಿ, ‘ಬಾಯಾರೇ, ಐದೇ ಇವೆ’ ಎಂದ. ನಾನೂ ಎಣಿಸಿದೆ. ಐದೇ ಇದ್ದವು. ದಿನವೂ ಆ ಮೂರ್ತಿಯ ಮುಂದೆ ಹಾದುಹೋಗುತ್ತಿದ್ದ ನಾವ್ಯಾರೂ ಎಣಿಸಿರಲಿಲ್ಲ. ಫಲಕ ಬದಲಾಯಿತು. ಹುಡುಗನ ಹೆಸರನ್ನು ಅದರಲ್ಲಿ ಹಾಕೋಣ ಎಂದು ಕೇಳಿದೆ, ಮೇಲಿನವರು ನಕ್ಕರು.

ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿಯನ್ನು ಮೂರನೆಯ ಗುಂಪಿಗೆ ಕೊಡಿ, ಆದರೆ ಜೊತೆಗೆ ದೊಡ್ಡವರೊಬ್ಬರು ಇರಲಿ. ಮೆಟ್ಟಿಲುಗಳನ್ನು ಎಣಿಸಲಿ, ಎಷ್ಟೆಂದು ನಾನು ಹೇಳುವುದಿಲ್ಲ. ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಕೆತ್ತನೆಯಲ್ಲಿ ಎಷ್ಟು ಬಗೆಯ ಬಳ್ಳಿ, ಎಷ್ಟು ಪ್ರಾಣಿ ಎಂದು ಹುಡುಕುವುದು ನಾಲ್ಕನೆಯದಕ್ಕೆ. ಬಸದಿಯ ಪಕ್ಕದ ಶಿಲ್ಪಸಂಗ್ರಹದಲ್ಲಿ ತಮಗೆ ಇಷ್ಟವಾದ ಒಂದೇ ಒಂದು ಮೂರ್ತಿಯನ್ನು ಆರಿಸಿ, ‘ಏಕೆ ಇದೇ?’ ಎಂಬುದಕ್ಕೆ ಕಾರಣ ಕೊಡುವುದು ಐದನೆಯದಕ್ಕೆ. ಆರನೆಯ ಗುಂಪಿಗೆ ಕಲ್ಲು ಬೇಡ, ಹಣ ಕೊಡಿ. ಲಕ್ಕುಂಡಿಯ ಹಳೆಯ ಹೆಸರು ಲೊಕ್ಕಿಗುಂಡಿ, ಅಲ್ಲಿ ಟಂಕಸಾಲೆಯಿತ್ತು, ‘ಲೊಕ್ಕಿ ಗದ್ಯಾಣ’ ಎಂಬ ನಾಣ್ಯದ ಹೆಸರು ಶಾಸನಗಳಲ್ಲಿ ಬರುತ್ತದೆ. ನಿಮ್ಮ ಊರಿನಲ್ಲಿ ಟಂಕಸಾಲೆ ಇದ್ದಿದ್ದರೆ ನಾಣ್ಯದ ಮೇಲೆ ಏನಿರುತ್ತಿತ್ತು ಎಂದು ಅವರು ಬರೆಯಲಿ. ಒಬ್ಬಳು ಹುಡುಗಿ ಒಮ್ಮೆ ನನಗೆ ಮೆಣಸಿನಕಾಯಿಯ ನಾಣ್ಯ ಬರೆದುಕೊಟ್ಟಿದ್ದಳು, ಬ್ಯಾಡಗಿಯವಳು.

ಅತ್ತಿಮಬ್ಬೆಯ ಕಥೆಯನ್ನು ಮಾತ್ರ ಹಿಂದಿನ ದಿನ ತರಗತಿಯಲ್ಲೇ ಹೇಳಿ. ಅಕ್ಕತಂಗಿಯರಿಬ್ಬರಿಗೂ ಗಂಡನಾಗಿದ್ದ ನಾಗದೇವ ತೀರಿಕೊಂಡಾಗ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು, ಅಕ್ಕ ಮಗನಿಗಾಗಿ ಬದುಕಿದಳು. ಬದುಕಿ ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿಗಳನ್ನು ಮಾಡಿಸಿ ಹಂಚಿದಳು, ರನ್ನನಿಂದ ಅಜಿತಪುರಾಣ ಬರೆಸಿದಳು, 1007ರಲ್ಲಿ ಈ ಬಸದಿ ಕಟ್ಟಿಸಿದಳು. ಗುಡಿಯ ಮುಂದೆ ನಿಂತು ಇದನ್ನೆಲ್ಲ ಹೇಳಹೋದರೆ ಬಿಸಿಲಲ್ಲಿ ಯಾರೂ ಕೇಳುವುದಿಲ್ಲ. ಕಥೆ ಗೊತ್ತಿದ್ದ ಮಕ್ಕಳು ಗುಡಿಯನ್ನು ನೋಡುವ ನೋಟವೇ ಬೇರೆ.

ಹೊರಡುವ ಮೊದಲು ಸಂಗ್ರಹಾಲಯದ ರಜೆಯ ದಿನ ವಿಚಾರಿಸಿಕೊಳ್ಳಿ. ಬೀಗ ಹಾಕಿದ ಬಾಗಿಲ ಮುಂದೆ ಐವತ್ತನಾಲ್ಕು ಮಕ್ಕಳೊಡನೆ ನಿಲ್ಲುವುದು ಏನೆಂದು ನನಗೆ ಗೊತ್ತು.

ಪ್ರಶ್ನೆ: ನಮ್ಮ ಹೊಲದ ಬದುವಿನಲ್ಲಿ ಒಂದು ವೀರಗಲ್ಲು ಇದೆ. ಹಿರಿಯರ ಕಾಲದಿಂದ ಭರಮಪ್ಪ ಎಂದು ಪೂಜಿಸುತ್ತೇವೆ. ವರ್ಷಕ್ಕೊಮ್ಮೆ ಸುಣ್ಣ ಬಳಿದು ಎಣ್ಣೆ ಹಚ್ಚುತ್ತೇವೆ. ಪಟ್ಟಣದಿಂದ ಬಂದ ಒಬ್ಬರು, ‘ಇಲ್ಲಿದ್ದರೆ ಹಾಳಾಗುತ್ತದೆ, ಮ್ಯೂಸಿಯಂಗೆ ಕೊಡಿ’ ಎಂದರು. ಮನೆಯ ಹೆಂಗಸರು ಒಪ್ಪುತ್ತಿಲ್ಲ.
— ರೈತ, ಹಿರೇಕೆರೂರು ತಾಲ್ಲೂಕು

ಮನೆಯ ಹೆಂಗಸರ ಮಾತು ಕೇಳಿ.

ಮ್ಯೂಸಿಯಂನಲ್ಲಿ ಆಯುಷ್ಯ ಕಳೆದವಳು ಹೀಗೆ ಹೇಳುವುದೇ ಎಂದು ನನ್ನ ಹಳೆಯ ಸಹೋದ್ಯೋಗಿಗಳು ಸಿಟ್ಟಾಗಬಹುದು. ಕಲ್ಲು ಎರಡು ರೀತಿಯಲ್ಲಿ ಹಾಳಾಗುತ್ತದೆ, ಕಾಕಾ. ಮಳೆ, ಬಿಸಿಲು, ಎಣ್ಣೆಯಿಂದ ಸವೆಯುವುದು ಒಂದು. ಅದಕ್ಕೆ ನೂರಾರು ವರ್ಷ ಬೇಕು. ಊರು ಕಳೆದುಕೊಳ್ಳುವುದು ಇನ್ನೊಂದು. ಅದಕ್ಕೆ ಒಂದು ಮಧ್ಯಾಹ್ನ ಸಾಕು. ಬಹಳ ಹಿಂದೆ ಒಂದು ಸಂಸ್ಥೆಯವರು ರಸ್ತೆ ಅಗಲಿಸುವಾಗ ಹಳ್ಳಿಗಳಿಂದ ಹದಿನಾಲ್ಕು ವೀರಗಲ್ಲುಗಳನ್ನು ಲಾರಿಯಲ್ಲಿ ತಂದರು. ಪುಣ್ಯದ ಕೆಲಸವೇ, ಇಲ್ಲದಿದ್ದರೆ ಡಾಂಬರಿನ ಕೆಳಗೆ ಹೋಗುತ್ತಿದ್ದವು. ಪುಸ್ತಕದಲ್ಲಿ ಊರುಗಳ ಹೆಸರು ಬರೆದರು, ಕಲ್ಲುಗಳ ಮೇಲೆ ಸೀಮೆಸುಣ್ಣದಲ್ಲಿ ನಂಬರ್ ಹಾಕಿದರು, ಕಾಂಪೌಂಡ್ ಗೋಡೆಗೆ ಒರಗಿಸಿ ಇಟ್ಟರು. ಮುಂಗಾರು ಬಂತು. ಪುಸ್ತಕದಲ್ಲಿ ಹದಿನಾಲ್ಕು ಊರುಗಳು ಉಳಿದವು, ಗೋಡೆಗೆ ಹದಿನಾಲ್ಕು ಕಲ್ಲುಗಳು ಉಳಿದವು, ಯಾವುದು ಯಾವ ಊರಿನದೆಂದು ಹೇಳುವವರು ಯಾರೂ ಉಳಿಯಲಿಲ್ಲ. ನಾನು ಹೋಗಿ ನೋಡಿದ್ದೆ. ಊರಿನ ದನ ಹೊಡೆದುಕೊಂಡು ಹೋಗುವವರ ಬೆನ್ನಟ್ಟಿ ಹೋಗಿ ಸತ್ತವನು ಆ ಕಲ್ಲಿನಲ್ಲಿದ್ದಾನೆ. ಆ ಊರೇ ಯಾವುದೆಂದು ಗೊತ್ತಿಲ್ಲದ ಮೇಲೆ ಅವನು ಯಾರಿಗಾಗಿ ಸತ್ತ?

ನಿಮ್ಮ ಭರಮಪ್ಪನನ್ನು ಕೆಳಗಿನಿಂದ ಮೇಲಕ್ಕೆ ಓದಿ. ಕೆಳಗಿನ ಪಟ್ಟಿಯಲ್ಲಿ ಕಾಳಗ. ದನಗಳು ಕಂಡರೆ ತುರುಗೋಳು, ಮನೆ ಸುಲಿಗೆ ಕಂಡರೆ ಊರಳಿವು, ಹೆಣ್ಣಿನ ಮಾನ ಕಾಪಾಡಲು ಹೋರಾಡಿದ್ದರೆ ಪೆಣ್ಬುಯ್ಯಲ್ ಎಂದು ಶಾಸನಗಳು ಹೇಳುತ್ತವೆ. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ. ಮೇಲೆ ಶಿವಲಿಂಗದ ಮುಂದೆ ಕುಳಿತಿರುತ್ತಾನೆ, ಇಕ್ಕೆಲದಲ್ಲಿ ಸೂರ್ಯ ಚಂದ್ರರು. ಪಟ್ಟಿಗಳ ನಡುವಿನ ಅಂಚಿನಲ್ಲಿ ಅಕ್ಷರಗಳಿರಬಹುದು, ಸುಣ್ಣದ ಕೆಳಗೆ ಅಡಗಿರುತ್ತವೆ.

ಪೂಜೆ ಬಿಡಬೇಡಿ. ಆಯಿಲ್ ಪೇಂಟ್ ಮಾತ್ರ ಹಚ್ಚಬೇಡಿ, ಅದು ಕಲ್ಲಿನ ಮೈಗೆ ಅಂಟಿ ಕೂರುತ್ತದೆ. ಸುಣ್ಣ ತೆಗೆಯಲು ತಂತಿ ಬ್ರಷ್, ಆಸಿಡ್ ಬೇಡ, ನೀರು ಮತ್ತು ಮೆತ್ತನೆಯ ನಾರು ಸಾಕು. ಎದುರಿನಿಂದ, ಎರಡೂ ಪಕ್ಕದಿಂದ ಫೋಟೋ ತೆಗೆದು ಊರು, ಹೊಲದ ಸರ್ವೆ ನಂಬರ್, ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು ಬರೆದು ಒಂದು ಪ್ರತಿಯನ್ನು ಶಾಲೆಗೆ, ಒಂದನ್ನು ಪುರಾತತ್ವ ಇಲಾಖೆಗೆ ಕೊಡಿ. ನಾಳೆ ಕಳುವಾದರೆ ಅದೇ ಸಾಕ್ಷಿ. ‘ಒಳ್ಳೆಯ ಬೆಲೆ ಕೊಡುತ್ತೇನೆ’ ಎಂದು ಯಾರಾದರೂ ಬಂದರೆ, ನೂರು ವರ್ಷ ದಾಟಿದ ಇಂಥ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕೆಂಬ 1972ರ ಕಾನೂನಿದೆ ಎಂದು ಹೇಳಿ, ಅರ್ಧ ಜನ ಅಲ್ಲಿಂದಲೇ ತಿರುಗಿಹೋಗುತ್ತಾರೆ. ಉಳುವಾಗ ನೆಲದೊಳಗಿನಿಂದ ಏನಾದರೂ ಸಿಕ್ಕಿದರೆ ಅದು ಬೇರೆ ವಿಷಯ, ನೇಗಿಲು ನಿಲ್ಲಿಸಿ ತಹಶೀಲ್ದಾರರಿಗೆ ತಿಳಿಸಬೇಕು.

ಕಲ್ಲನ್ನು ಮ್ಯೂಸಿಯಂಗೆ ಕೊಡಲೇಬೇಕಾದ ಸಂದರ್ಭಗಳೂ ಇವೆ. ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರೆ ನಾನೇ ಲಾರಿ ತರುತ್ತಿದ್ದೆ.

ಪ್ರಶ್ನೆ: ಹಳೆಯ ವಸ್ತುಗಳ ಫೋಟೋ ತೆಗೆಯಬಾರದು ಎನ್ನುತ್ತಾರೆ. ಮೊಬೈಲ್ ಫ್ಲಾಶ್‌ನಿಂದ ಕಲ್ಲಿಗೆ ಏನಾಗುತ್ತದೆ?
— ಓದುಗ, ಗದಗ

ಏನೂ ಆಗುವುದಿಲ್ಲ. ಬಟ್ಟೆ, ಕಾಗದ, ಬಣ್ಣದ ಚಿತ್ರಗಳಿಗೆ ಬೆಳಕು ಒಳ್ಳೆಯದಲ್ಲ, ಅಲ್ಲಿ ಫ್ಲಾಶ್ ಬೇಡ. ನಾನು ಹೆದರುತ್ತಿದ್ದದ್ದು ಫ್ಲಾಶಿಗಲ್ಲ, ಮೂರ್ತಿಯ ಜೊತೆ ಸೆಲ್ಫಿ ತೆಗೆಯಲು ಹಿಂದಕ್ಕೆ ಹಿಂದಕ್ಕೆ ನಡೆಯುವವರ ಬೆನ್ನಿಗೆ.

ಪ್ರಶ್ನೆ: ನಮ್ಮ ಅಜ್ಜ ಹುಬ್ಬಳ್ಳಿಯಲ್ಲಿ ಅರಳೆ ವ್ಯಾಪಾರ ಮಾಡುತ್ತಿದ್ದರು. ಅವರ ಲೆಕ್ಕದ ಪುಸ್ತಕಗಳು, ಒಂದು ನವಲಗುಂದ ಜಮಖಾನೆ, ಹಿತ್ತಾಳೆಯ ಸೇರು, ಅಜ್ಜಿಯ ಎರಡು ಇಳಕಲ್ ಸೀರೆಗಳು ನನ್ನ ಬಳಿ ಇವೆ. ಮಕ್ಕಳು ಪುಣೆಯಲ್ಲಿದ್ದಾರೆ, ಅವರಿಗೆ ಬೇಡ. ಮ್ಯೂಸಿಯಂಗೆ ಕೊಟ್ಟರೆ ಪ್ರದರ್ಶನಕ್ಕೆ ಇಡುತ್ತಾರೆಯೇ? ಅಜ್ಜನ ಹೆಸರು ಹಾಕುತ್ತಾರೆಯೇ?
— ನಿವೃತ್ತ ಬ್ಯಾಂಕ್ ನೌಕರ, ಹುಬ್ಬಳ್ಳಿ

ನಿಮಗೆ ಬೇಸರವಾದರೂ ನಿಜ ಹೇಳುತ್ತೇನೆ. ಎಲ್ಲವನ್ನೂ ಪ್ರದರ್ಶನಕ್ಕೆ ಇಡುವುದಿಲ್ಲ. ಯಾವ ಮ್ಯೂಸಿಯಂನಲ್ಲಿಯೂ ಕಣ್ಣಿಗೆ ಬೀಳುವುದಕ್ಕಿಂತ ಉಗ್ರಾಣದಲ್ಲಿರುವುದೇ ಹೆಚ್ಚು. ಅದರಲ್ಲೂ ಬಟ್ಟೆಯನ್ನು ವರ್ಷಪೂರ್ತಿ ಹೊರಗಿಡುವುದು ತಪ್ಪು. ಬಟ್ಟೆ, ಕಾಗದಗಳ ಮೇಲೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದೆಂದು ಮ್ಯೂಸಿಯಂ ಮಂದಿ ಒಪ್ಪಿಕೊಂಡ ಅಳತೆಯಿದೆ. ನಮ್ಮ ಕಡೆಯ ನೇರ ಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ. ಆದ್ದರಿಂದ ಕೆಲವು ತಿಂಗಳು ಹೊರಗೆ, ಉಳಿದ ಕಾಲ ಕತ್ತಲಲ್ಲಿ. ‘ನಮ್ಮ ಅಜ್ಜಿಯ ಸೀರೆಯನ್ನು ಒಳಗೆ ಬಚ್ಚಿಟ್ಟಿದ್ದೀರಿ’ ಎಂದು ಜಗಳಕ್ಕೆ ಬಂದವರಿಗೆ ನಾನು ಇದನ್ನು ಎಷ್ಟು ಸಲ ವಿವರಿಸಿದ್ದೇನೋ!

ನಿಮ್ಮ ಪಟ್ಟಿಯಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ಜಮಖಾನೆಯಲ್ಲ, ಲೆಕ್ಕದ ಪುಸ್ತಕ. ಅದು ಯಾವ ಲಿಪಿಯಲ್ಲಿದೆ ಎಂದು ನೀವು ಬರೆದಿಲ್ಲ. ಮೇಲೆ ಉದ್ದಕ್ಕೆ ಒಂದು ಗೆರೆ, ಅದರ ಕೆಳಗೆ ಲೆಕ್ಕಣಿಕೆ ಎತ್ತದೆ ಬರೆದ ಹಾಗೆ ಒಂದಕ್ಕೊಂದು ಹೆಣೆದುಕೊಂಡ ಅಕ್ಷರಗಳಿದ್ದರೆ ಅದು ಮೋಡಿ, ಮರಾಠಿಯ ಹಳೆಯ ಬರವಣಿಗೆಯ ಲಿಪಿ. ಪೇಶ್ವೆಯರ ಕಾಲದಿಂದ ಈ ಭಾಗದ ದಫ್ತರಗಳಲ್ಲಿ ಮೋಡಿ ಕುಳಿತಿತ್ತು, ಮುಂಬೈ ಪ್ರಾಂತ್ಯದ ಕಾಲದಲ್ಲಿಯೂ ಬೇಗ ಏಳಲಿಲ್ಲ. ಈಗ ಅದನ್ನು ಓದುವವರು ಕಡಿಮೆ. ಅರಳೆಯ ದರ, ಯಾವ ಊರಿನ ರೈತ ಎಷ್ಟು ತಂದ, ಯಾರಿಗೆ ಎಷ್ಟು ಸಾಲ, ಹಬ್ಬಕ್ಕೆ ಎಷ್ಟು ಖರ್ಚು ಎಂಬುದೆಲ್ಲ ಅಲ್ಲಿರುತ್ತದೆ. ರಾಜರ ಬಗ್ಗೆ ನಮಗೆ ಸಾಕಷ್ಟು ಗೊತ್ತಿದೆ, ಅರಳೆ ಮಾರಿದವನ ಬಗ್ಗೆ ಗೊತ್ತಿಲ್ಲ.

ಕೊಡುವ ಮೊದಲು ಒಂದೊಂದು ವಸ್ತುವಿಗೂ ಅರ್ಧ ಪುಟ ಬರೆಯಿರಿ. ಜಮಖಾನೆಯನ್ನು ಯಾವಾಗ ಹಾಸುತ್ತಿದ್ದರು? ನವಲಗುಂದದಲ್ಲಿ ಅವುಗಳನ್ನು ನೇಯುವವರು ಹೆಂಗಸರು, ನವಿಲು, ಪಗಡೆಯ ಹಾಸು ಅವರ ಮೆಚ್ಚಿನ ವಿನ್ಯಾಸಗಳು. ನಿಮ್ಮದರಲ್ಲಿ ಯಾವುದಿದೆ? ಅದರ ಮೇಲೆ ಯಾವ ಮದುವೆಯ ಮಾತುಕತೆ ನಡೆಯಿತು? ಸೇರಿನ ಮೈಮೇಲೆ ಮುದ್ರೆಯಿದೆಯೇ? ಈ ಅರ್ಧ ಪುಟವಿಲ್ಲದಿದ್ದರೆ ನಿಮ್ಮ ಅಜ್ಜನ ಸೇರು ‘ಹಿತ್ತಾಳೆಯ ಅಳತೆ ಪಾತ್ರೆ’ ಎಂಬ ಹೆಸರಿನಲ್ಲಿ ಇನ್ನೂ ಇಪ್ಪತ್ತು ಅನಾಮಿಕ ಪಾತ್ರೆಗಳ ಸಾಲಿನಲ್ಲಿ ಕೂರುತ್ತದೆ. ದಾನಪತ್ರವನ್ನು ಎರಡು ಪ್ರತಿ ಮಾಡಿಸಿ, ನೋಂದಣಿ ಸಂಖ್ಯೆ ಬರೆದ ಪ್ರತಿ ನಿಮ್ಮ ಕೈಗೆ ಬರುವವರೆಗೆ ಬಾಗಿಲಿಂದ ಕದಲಬೇಡಿ. ಅಲ್ಲಿಯವರೆಗೆ ಸೀರೆಗಳನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಹಳೆಯ ಹತ್ತಿಯ ಪಂಚೆಯಲ್ಲಿ ಸುತ್ತಿಡಿ. ಒಣಗಿದ ಬೇವಿನೆಲೆ, ಬಜೆಯ ತುಂಡನ್ನು ಬಟ್ಟೆಗೆ ನೇರವಾಗಿ ತಾಗದಂತೆ ಗಂಟು ಕಟ್ಟಿ ಇಡಬಹುದು. ನಮ್ಮ ಅಜ್ಜಿಯರು ಓಲೆಗರಿಯ ಕಟ್ಟುಗಳಿಗೂ ಇದನ್ನೇ ಮಾಡುತ್ತಿದ್ದರು.

ಪ್ರಶ್ನೆ: ಅಕ್ಕಾ, ಪದವಿ ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಶಾಸನ ಓದುವ ಶಿಬಿರವೊಂದಕ್ಕೆ ಹೋಗಿದ್ದೆ. ಎರಡು ದಿನ ಉಪನ್ಯಾಸ ಕೇಳಿದೆ, ಪ್ರಮಾಣಪತ್ರ ಕೊಟ್ಟರು, ಆದರೆ ಕಲ್ಲಿನ ಮುಂದೆ ನಿಂತರೆ ಒಂದಕ್ಷರವೂ ಗೊತ್ತಾಗುತ್ತಿಲ್ಲ.
— ವಿದ್ಯಾರ್ಥಿನಿ, ಧಾರವಾಡ

ಎರಡು ದಿನ ಕಲ್ಲಿನ ಮುಂದೆ ನಿಲ್ಲಿಸಿ ಎರಡು ಗಂಟೆ ಉಪನ್ಯಾಸ ಕೊಟ್ಟಿದ್ದರೆ ಬರುತ್ತಿತ್ತು, ತಂಗಿ. ಒಂದು ಗುಟ್ಟು ಹೇಳುತ್ತೇನೆ, ಕಲಿಸುವವರು ಇದನ್ನು ಕೊನೆಗೆ ಹೇಳುತ್ತಾರೆ. ನಮ್ಮ ಭಾಗದಲ್ಲಿ ಎಲ್ಲೆಲ್ಲೂ ಸಿಗುವುದು ಕಲ್ಯಾಣ ಚಾಲುಕ್ಯರ ದಾನಶಾಸನ. ಅದರ ತಲೆಯೂ ಬಾಲವೂ ಹೆಚ್ಚುಕಡಿಮೆ ಒಂದೇ ಅಚ್ಚಿನವು. ‘ಸ್ವಸ್ತಿ ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ ಸತ್ಯಾಶ್ರಯಕುಳತಿಳಕ ಚಾಳುಕ್ಯಾಭರಣ’, ಇಷ್ಟನ್ನು ಮಗ್ಗಿಯಂತೆ ಬಾಯಿಪಾಠ ಮಾಡು. ಕೊನೆಯಲ್ಲಿ ‘ಸ್ವದತ್ತಾಂ ಪರದತ್ತಾಂ ವಾ’ ಎಂಬ ಶ್ಲೋಕ, ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆಂಬ ಶಾಪ. (ನಮ್ಮ ಕಾಲದ ಭೂದಾಖಲೆಗಳಲ್ಲೂ ಇದನ್ನು ಅಚ್ಚು ಹಾಕಿಸಬೇಕು.) ಏನು ಬರೆದಿದೆಯೆಂದು ಗೊತ್ತಿರುವ ಸಾಲಿನಿಂದ ಅಕ್ಷರ ಕಲಿಯುವುದು ಸುಲಭ. ತಲೆಬಾಲಗಳಿಂದ ಅಕ್ಷರಮಾಲೆ ಸಿಕ್ಕಿತೆಂದರೆ, ಬಾಯಿಪಾಠದಲ್ಲಿಲ್ಲದ ನಡುವಿನ ಭಾಗಕ್ಕೆ ಇಳಿ. ಊರಿನ ಹೆಸರು, ಭೂಮಿಯ ಎಲ್ಲೆ, ಎಷ್ಟು ಮತ್ತರು (ಆ ಕಾಲದ ಭೂಮಿಯ ಅಳತೆ), ಯಾವ ಕೆರೆಯ ಕೆಳಗೆ ಎಂಬುದೆಲ್ಲ ಅಲ್ಲಿದೆ. ರಾಜನ ಬಿರುದು ಎಲ್ಲ ಕಲ್ಲಿನಲ್ಲೂ ಒಂದೇ, ಊರು ಮಾತ್ರ ಆ ಕಲ್ಲಿನದೇ.

ಇಸವಿಯ ಲೆಕ್ಕಕ್ಕೂ ಒಂದು ಹಿಡಿಕೆ. ಆರನೆಯ ವಿಕ್ರಮಾದಿತ್ಯ 1076ರಲ್ಲಿ ತನ್ನದೇ ಶಕೆ ಆರಂಭಿಸಿದ. ‘ಚಾಳುಕ್ಯ ವಿಕ್ರಮವರ್ಷದ 10ನೆಯ’ ಎಂದಿದ್ದರೆ 1075 ಸೇರಿಸು, 1085 ಬರುತ್ತದೆ.

ಸಂಜೆ ಕತ್ತಲಾಗುವ ಹೊತ್ತಿಗೆ ಹೋಗು. ಟಾರ್ಚನ್ನು ಎದುರಿನಿಂದ ಅಲ್ಲ, ಕಲ್ಲಿನ ಪಕ್ಕಕ್ಕೆ ತಾಗಿಸಿದಂತೆ ಹಿಡಿ. ಹಗಲಲ್ಲಿ ಬೋಳಾಗಿ ಕಂಡ ಕಲ್ಲು ನೆರಳಿನಿಂದ ಮಾತಾಡಲು ತೊಡಗುತ್ತದೆ. ಸೀಮೆಸುಣ್ಣ, ಮಸಿ ಹಚ್ಚಬೇಡ. ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು, ಮೇಲೆ ಮಸಿ ಒತ್ತಿ ಪಡಿಯಚ್ಚು ತೆಗೆಯುವುದನ್ನು ಅನುಭವಿಗಳ ಜೊತೆಯಲ್ಲಿ, ಅನುಮತಿ ಪಡೆದು ಕಲಿ. ಧಾರವಾಡದಲ್ಲೇ ಇದ್ದೀಯೆ. 1939ರಲ್ಲಿ ಆರಂಭವಾದ ಕನ್ನಡ ಸಂಶೋಧನಾ ಸಂಸ್ಥೆ ವಿಶ್ವವಿದ್ಯಾಲಯದ ಆವರಣದಲ್ಲಿದೆ, ಶಿಲ್ಪ, ಶಾಸನ, ಹಸ್ತಪ್ರತಿಗಳ ಸಂಗ್ರಹವೂ ಅಲ್ಲಿದೆ. ಹೋಗಿ ಕೇಳು, ಕೇಳಿದವರಿಗೆ ಸಿಗುತ್ತದೆ. ವಾಲ್ಟರ್ ಎಲಿಯಟ್ ಎಂಬ ಸ್ಕಾಟ್ಲೆಂಡಿನ ಯುವಕ 1824ರಲ್ಲಿ ಕಿತ್ತೂರಿನವರ ಸೆರೆಯಲ್ಲಿದ್ದವನು, ಬಿಡುಗಡೆಯಾದ ಮೇಲೆ ಇದೇ ಸೀಮೆಯ ಶಾಸನಗಳ ಪ್ರತಿ ಮಾಡಿಸುತ್ತ ತಿರುಗಿದ. ಪರದೇಶದವನಿಗೆ ಬಂದ ಅಕ್ಷರ ನಿನಗೆ ಬಾರದೆ ಹೋಗುತ್ತದೆಯೇ?

ಪ್ರಶ್ನೆ: ಮ್ಯೂಸಿಯಂ ಕಾರ್ಯಕ್ರಮಗಳಿಗೆ ಜನ ಬರುವುದಿಲ್ಲ ಎಂದು ಸಂಬಂಧಪಟ್ಟವರು ಸದಾ ಗೊಣಗುತ್ತಾರೆ. ನಾನು ಹೋಗಿದ್ದೆ. ಹನ್ನೊಂದರ ಕಾರ್ಯಕ್ರಮ ಹನ್ನೆರಡೂಕಾಲಕ್ಕೆ ಆರಂಭವಾಯಿತು. ಸ್ವಾಗತ, ಹಾರ, ದೀಪ, ಐದು ಭಾಷಣ. ಪ್ರದರ್ಶನ ನೋಡಲು ಎದ್ದಾಗ ಊಟಕ್ಕೆ ಬಾಗಿಲು ಹಾಕುತ್ತಿದ್ದರು.
— ಓದುಗ, ಹುಬ್ಬಳ್ಳಿ

ಆ ಐದು ಭಾಷಣಗಳಲ್ಲಿ ಎಷ್ಟನ್ನೋ ನಾನೇ ಏರ್ಪಡಿಸಿದ್ದೇನೆ, ಆದ್ದರಿಂದ ಕೈಮುಗಿದು ಕ್ಷಮೆ ಕೇಳುತ್ತೇನೆ. ಹಾರಕ್ಕೆ ಹಾವೇರಿಯಿಂದ ಏಲಕ್ಕಿ ಹಾರ ತರಿಸಿದ ವರ್ಷ ಫಲಕ ಬರೆಸಲು ಹಣ ಉಳಿದಿರಲಿಲ್ಲ.

ದಿನ ಆರಿಸುವುದರಲ್ಲೇ ನಾವು ಸೋಲುತ್ತೇವೆ. ಮೇ 18 ಅಂತರರಾಷ್ಟ್ರೀಯ ಮ್ಯೂಸಿಯಂ ದಿನ. ಅಂದು ಧಾರವಾಡದ ಶಾಲೆಗಳಿಗೆ ರಜೆ, ರೈತರು ಮುಂಗಾರಿಗೆ ಹೊಲ ಹಸನು ಮಾಡುತ್ತಿರುತ್ತಾರೆ. ನವೆಂಬರ್ 19ರಿಂದ 25 ವಿಶ್ವ ಪರಂಪರೆ ಸಪ್ತಾಹ. ಅದು ಪರವಾಗಿಲ್ಲ, ಹವೆ ತಂಪು. ಇನ್ನು ವಾರದ ರಜೆ. ಅನೇಕ ಸರಕಾರಿ ಮ್ಯೂಸಿಯಂಗಳಿಗೆ ಸೋಮವಾರ ಬೀಗ. ನಮ್ಮ ಕಡೆ ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡದ ಊರುಗಳು ಇಂದಿಗೂ ಇವೆ. ರೈತನಿಗೆ ಬಿಡುವಿರುವ ಒಂದೇ ದಿನ ನಾವು ಬಾಗಿಲು ಹಾಕಿಕೊಂಡು, ‘ಜನ ಬರುವುದಿಲ್ಲ’ ಎಂದು ವರದಿ ಬರೆಯುತ್ತೇವೆ! ಈ ಮಾತನ್ನು ಸಭೆಯಲ್ಲಿ ಹೇಳಿದಾಗ ನಡಾವಳಿಯಲ್ಲಿ ಬರೆದುಕೊಂಡರು, ಅಷ್ಟೇ.

ಕೊನೆಗೆ ಒಂದು ಅಮಾವಾಸ್ಯೆ ವಾರದ ನಡುವೆ ಬಂತು. ಅಂದೂ ಗಳೆ ಹೂಡುವುದಿಲ್ಲ. ಒಕ್ಕಲುತನದ ಹಳೆಯ ಸಾಮಾನುಗಳ ಪ್ರದರ್ಶನವನ್ನು ಆ ದಿನವೇ ಇಟ್ಟೆ. ಉದ್ಘಾಟನೆ ಇಲ್ಲ, ಬಾಗಿಲು ತೆರೆದೆವು, ಅಷ್ಟೇ. ಹತ್ತು ಗಂಟೆಗೆ ಮೊದಲ ಟ್ರ್ಯಾಕ್ಟರ್ ಬಂತು. ಕೂರಿಗೆ, ಕುಂಟೆ, ಬಾರಕೋಲು, ಜೊತೆಗೆ ಹಗೇವಿನ ಒಂದು ಮಣ್ಣಿನ ಮಾದರಿ. ಅದರ ಮುಂದೆ ‘ನೆಲಮಾಳಿಗೆಯ ಧಾನ್ಯ ಸಂಗ್ರಹಣಾ ವ್ಯವಸ್ಥೆ’ ಎಂದು ನಾನೇ ಬರೆಸಿದ ಫಲಕ. ಒಬ್ಬ ಮುದುಕರು ಅದನ್ನು ಎರಡು ಸಲ ಓದಿ, ‘ಇದು ಹಗೇವು ಅಲ್ಲವೇನವ್ವಾ?’ ಎಂದು ಕೇಳಿದರು. ಹೌದು ಎಂದೆ. ‘ಹಾಗಾದರೆ ಕಂದೀಲು ಎಲ್ಲಿ?’ ಎಂದರು. ನನಗೆ ಅರ್ಥವಾಗಲಿಲ್ಲ. ಅವರು ಅಲ್ಲೇ ನೆಲದ ಮೇಲೆ ಕುಳಿತರು. ಹಗೇವಿನ ಬಾಯಿ ತೆಗೆದ ಕೂಡಲೇ ಇಳಿಯಬಾರದು, ಒಂದು ದಿನ ಹಾಗೆಯೇ ಬಿಡಬೇಕು, ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು, ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ ಎಂದು ತಿಳಿಯಬೇಕು. ತಮ್ಮ ಅಣ್ಣ ಆ ದೀಪ ಇಳಿಬಿಡದೆ ಇಳಿದಿದ್ದ ಎಂದರು. ಆಮೇಲೆ ಮಾತಾಡಲಿಲ್ಲ. ಅವರ ಸುತ್ತ ಅಷ್ಟರಲ್ಲಿ ಮೂವತ್ತು ಜನ ನಿಂತಿದ್ದರು. ನನ್ನ ಸೇವೆಯಲ್ಲಿ ಅದಕ್ಕಿಂತ ಒಳ್ಳೆಯ ಉಪನ್ಯಾಸ ನಡೆದಿಲ್ಲ, ಅದಕ್ಕೆ ಒಂದು ಕುರ್ಚಿಯನ್ನೂ ಹಾಕಿಸಿರಲಿಲ್ಲ.

ಮರುದಿನ ಫಲಕ ಕಿತ್ತು ‘ಹಗೇವು’ ಎಂದು ಬರೆಸಿದೆ, ಪಕ್ಕದಲ್ಲಿ ಒಂದು ಕಂದೀಲು ತೂಗುಹಾಕಿದೆ. ಅದು ನಮ್ಮ ಮನೆಯ ಕಂದೀಲು. ಮರಳಿ ಕೇಳಲಿಲ್ಲ.

ಪ್ರಶ್ನೆ: ನಮ್ಮ ಊರ ಜಾತ್ರೆಯಲ್ಲಿ ಗೆಳೆಯರೆಲ್ಲ ಸೇರಿ ಊರಿನ ಇತಿಹಾಸದ ಪ್ರದರ್ಶನ ಮಾಡಬೇಕೆಂದಿದ್ದೇವೆ. ಕೈಯಲ್ಲಿ ಹಣ ಹೆಚ್ಚಿಲ್ಲ. ಎಲ್ಲಿಂದ ಆರಂಭಿಸುವುದು?
— ಯುವಕ, ಶಿಗ್ಗಾವಿ ತಾಲ್ಲೂಕು

ಫ್ಲೆಕ್ಸ್ ಅಂಗಡಿಯಿಂದ ಆರಂಭಿಸಬೇಡ, ತಮ್ಮಾ. ನಿಮ್ಮ ಮುಖಗಳಿರುವ ಬ್ಯಾನರಿಗೆ ಕೊಡುವ ಹಣದಲ್ಲಿ ನೂರು ಹಳೆಯ ಫೋಟೋಗಳ ಪ್ರತಿ ತೆಗೆಸಬಹುದು. ಮನೆಮನೆಗೆ ಹೋಗಿ ಗೋಡೆಯ ಮೇಲಿನ ಫೋಟೋ ಕೇಳಿ. ಮೂಲವನ್ನು ತರಬೇಡಿ, ಅಲ್ಲೇ ಮೊಬೈಲ್‌ನಲ್ಲಿ ಪ್ರತಿ ತೆಗೆದುಕೊಳ್ಳಿ. ದೊಡ್ಡದಾಗಿ ಮುದ್ರಿಸಿ ಹಗ್ಗಕ್ಕೆ ತೂಗುಹಾಕಿ, ಕೆಳಗೆ ಖಾಲಿ ಕಾಗದ, ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು ಇಡಿ. ಜಾತ್ರೆ ಮುಗಿಯುವ ಹೊತ್ತಿಗೆ ಯಾರ ಮದುವೆ, ಯಾರ ಎತ್ತು, ಎಡಗಡೆ ನಿಂತವಳು ಯಾರ ಮಗಳು ಎಂಬುದನ್ನೆಲ್ಲ ಜನರೇ ಬರೆದಿರುತ್ತಾರೆ. ಜಗಳವೂ ಆಗುತ್ತದೆ, ಆಗಲಿ. ಆ ಕಾಗದಗಳನ್ನು ಎಸೆಯಬೇಡಿ. ಸಾಮಾನುಗಳಲ್ಲಿ ಸೇರು, ಬಳ್ಳ, ಕೊಳಗ, ಶಾವಿಗೆ ಮಣೆ, ಬೀಸುವ ಕಲ್ಲು ಇಷ್ಟಿದ್ದರೆ ಸಾಕು, ಆದರೆ ಬೀಸುವ ಕಲ್ಲಿನ ಪಕ್ಕದಲ್ಲಿ ಬೀಸುವ ಪದ ಬಲ್ಲ ಒಬ್ಬ ಅಜ್ಜಿ ಕೂತಿರಬೇಕು. ತಂದ ವಸ್ತುವಿಗೆಲ್ಲ ಚೀಟಿ ಕಟ್ಟಿ, ಪುಸ್ತಕದಲ್ಲಿ ಸಹಿ ಹಾಕಿಸಿ. ಒಂದು ತಂಬಿಗೆ ಅದಲುಬದಲಾದರೂ ಮುಂದಿನ ವರ್ಷ ಯಾರೂ ಕೊಡುವುದಿಲ್ಲ.

ನಿಮಗೆ ಗೊಟಗೋಡಿ ಹತ್ತಿರ. ಅಲ್ಲಿನ ಜಾನಪದ ವಿಶ್ವವಿದ್ಯಾಲಯದಲ್ಲಿ ಮಾತಾಡಿ ನೋಡಿ, ಉತ್ಸವ್ ರಾಕ್ ಗಾರ್ಡನ್ ಒಮ್ಮೆ ಸುತ್ತಿ ಬನ್ನಿ. ಹಳ್ಳಿಯ ದಿನಚರಿಯನ್ನು ಹೇಗೆ ನಿಲ್ಲಿಸಿದ್ದಾರೆ ಎಂದು ನೋಡಿಕೊಂಡು, ಹಾಗೆಯೇ ಮಾಡಲು ಹೋಗದೆ ನಿಮ್ಮದನ್ನು ಮಾಡಿ.

ಪ್ರಶ್ನೆ: ಇದರೊಂದಿಗೆ ನಮ್ಮ ಊರ ಕೆರೆಯ ದಂಡೆಯಲ್ಲಿರುವ ಮೂರ್ತಿಯ ಫೋಟೋ ಇಟ್ಟಿದ್ದೇನೆ. ಇದು ಯಾರದು, ಎಷ್ಟು ಹಳೆಯದು?
— (ಹೆಸರಿಲ್ಲ)

ಚೆಲುವಾದ ಮಹಾಸತಿ ಕಲ್ಲು, ಸಹಗಮನ ಮಾಡಿದವಳ ನೆನಪಿಗೆ ನಿಲ್ಲಿಸಿದ್ದು. ಮಡಚಿ ಮೇಲೆತ್ತಿದ ತೋಳು, ಕೈತುಂಬ ಬಳೆ, ಬದಿಯಲ್ಲಿ ಸೂರ್ಯ ಚಂದ್ರ. ಕೆಳಗಿನ ಅಂಚಿನಲ್ಲಿ ಒಂದು ಸಾಲು ಅಕ್ಷರ ಇದ್ದಂತಿದೆ, ಹುಲ್ಲು ಮುಚ್ಚಿದೆ. ಆ ಹುಲ್ಲು ಸರಿಸಿ, ಇಳಿಬೆಳಕಿನಲ್ಲಿ ಇನ್ನೊಂದು ಫೋಟೋ ತೆಗೆದು ಕಳುಹಿಸಿದರೆ ಕಾಲ ಹೇಳಲು ಪ್ರಯತ್ನಿಸಬಹುದು. ತೊಂದರೆ ಏನೆಂದರೆ, ಫೋಟೋದ ಹಿಂದೆ ಏನೂ ಬರೆದಿಲ್ಲ, ಪತ್ರದಲ್ಲಿ ವಿಳಾಸವಿಲ್ಲ. ಲಕೋಟೆಯ ಮೇಲಿನ ಅಂಚೆ ಮುದ್ರೆಯನ್ನು ಭೂತಗನ್ನಡಿ ಹಿಡಿದು ನೋಡಿದೆ. ‘ಹಳ್ಳಿ’ ಎಂಬ ಎರಡಕ್ಷರ ಮಾತ್ರ ಮೂಡಿದೆ. ಕಳುಹಿಸಿದವರು ದಯವಿಟ್ಟು ಅದರ ಹಿಂದಿನ ಅಕ್ಷರಗಳನ್ನು ಒಂದು ಕಾರ್ಡಿನಲ್ಲಿ ಬರೆದು ತಿಳಿಸಬೇಕು.